ಹರಿಯುವ ಕೆಲಸ

ಬುರ್ಗೋಸ್ ಊರಲ್ಲಿ ನದಿಗೂ ನನಗೂ ಒಂದೇ ಕೆಲಸ:
ಹರಿಯುವುದು.
ಅದು ಸೇತುವೆಯ ಕೆಳಗೆ. ನಾನು ಎರಡನೇ ಮಹಡಿಯಲ್ಲಿ,
ಹಳೇ ವೈದ್ಯಗ್ರಂಥದ ಪಡಿಯಚ್ಚಿನ
ನಲವತ್ತೊಂದನೇ ಹಾಳೆಯನ್ನು,
ಒಂದೊಂದು ಪ್ರತಿಯಲ್ಲೂ, ಬುಡದಲ್ಲಿ ಎರಡು ಬೆರಳು ಬಿಟ್ಟು.

ಮೂಲವನ್ನು ನಾವು ಮುಟ್ಟಿಲ್ಲ.
ಅದು ಮಠದ ನೆಲಮಾಳಿಗೆಯ ಗಾಜಿನೊಳಗಿದೆ,
ಅದಕ್ಕೆಂದೇ ಒಂದು ಹವೆ, ಅದಕ್ಕೆಂದೇ ಒಂದು ಕತ್ತಲೆ.
ನಮಗೆ ಬಂದದ್ದು ಫೋಟೋ, ಅಳತೆ,
ಮತ್ತೆ ಒಂದು ಕರಾರು: ಏನನ್ನೂ ಸರಿಮಾಡಕೂಡದು.

ಹಾಗಾಗಿ ಒಬ್ದೂಲಿಯಾ ಸೂಜಿ ಕಾಯಿಸಿಕೊಂಡು ಹುಳುವಾಗುತ್ತಾಳೆ.
ಪಿತ್ತಕೋಶದಲ್ಲಿ ಹೊಕ್ಕು, ಹನ್ನೊಂದು ಹಾಳೆ ಕೊರೆದು,
ಗರ್ಭದ ಚಿತ್ರದಲ್ಲಿ ಹೊರಬೀಳುತ್ತಾಳೆ.
ನಿಜವಾದ ಹುಳಕ್ಕೆ ಒಂದು ಚಳಿಗಾಲ ಹಿಡಿದಿರಬೇಕು;
ಇವಳಿಗೆ ನಾಲ್ಕು ನಿಮಿಷ, ನಡುವೆ ಒಂದು ಬೈಗುಳ.
ನಿಕಾನೋರ್ ಮೇಣದ ಹನಿ ಬೀಳಿಸುತ್ತಾನೆ, ಅಂದು ಬಿದ್ದಲ್ಲೇ.
ಮೂತ್ರದ ಸೀಸೆಗಳ ಪುಟ ಮೂರು ಸಲ ಅಚ್ಚಿಗೆ ವಾಪಸಾಯಿತು:
ಹಳದಿ ಅಷ್ಟೊಂದು ಆರೋಗ್ಯವಾಗಿರಬಾರದಂತೆ.

ನಲವತ್ತೊಂದರಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ.
ಉಳಿದ ಬುಡದಲ್ಲಿ ಸಾಲುಗಳ ತಲೆ ಮಾತ್ರ:

ಬೆಳ್ಳು
ಕುದಿ
ಮೂರು ಹೊ
ಮಗು
ಮಗು

ಆಮೇಲೆ ಬರೀ ಚರ್ಮ.

'ಕಳ್ಳರು' ಅಂದರು ನೋಡಲು ಬಂದ ಪಂಡಿತರು,
'ಚಿನ್ನದ ರೇಕಿನ ಚಿತ್ರವಿತ್ತೇನೋ, ಮಾರಿಕೊಂಡರು.'
ತಲೆಯಾಡಿಸಿದೆ. ಕೈ ಒಪ್ಪಲಿಲ್ಲ.
ಆರುನೂರು ಸಲ ಹರಿದ ಕೈ ಇದು.
ಕಳ್ಳನ ಹತ್ತಿರ ಚಾಕು ಇರುತ್ತದೆ, ಹೊತ್ತು ಇರುತ್ತದೆ.
ಈ ಗಾಯ ಮೇಲಿನಿಂದ ನೆಟ್ಟಗೆ ಇಳಿದು,
ನಡುವೆ ಒಮ್ಮೆ ಒಳಕ್ಕೆ ಹೊರಳಿ,
ಆಮೇಲೆ ಒಂದೇ ಎಳೆತ,
ಬಾಗಿಲಲ್ಲಿ ಯಾರೋ ಕೂಗಿದ ಹಾಗೆ.
ಇನ್ನೊಂದು ಕೈಯಲ್ಲಿ ದೀಪವಿತ್ತು:
ನಿಕಾನೋರನ ಮೇಣ ಬೀಳುವುದು
ನಲವತ್ತೆರಡರ ನೆತ್ತಿಯ ಮೇಲೇ ಅಲ್ಲವೆ?

ಪಂಡಿತರಿಗೆ ಇದನ್ನು ಹೇಳಲಿಲ್ಲ.
ಅಂದು ಇನ್ನೂ ಹದಿನೇಳು ಪ್ರತಿ ಬಾಕಿ ಇದ್ದವು.
ಹೊರಳುವ ಜಾಗ ಬಂದಾಗ ನನ್ನ ಉಸಿರೂ ಹಿಡಿಯುತ್ತದೆ,
ಪ್ರತಿ ಸಲವೂ, ಸಂಬಳ ಅದಕ್ಕಲ್ಲವಾದರೂ.

ಹೋದ ವಾರ ಒಂದು ದೂರು ಬಂತು.
ಕೊಂಡವರು ಬರೆದಿದ್ದರು: ಇಷ್ಟು ದುಡ್ಡು ಕೊಟ್ಟಿದ್ದೇನೆ,
ನನ್ನ ಪ್ರತಿಯಲ್ಲಿ ಒಂದು ಹಾಳೆ ಹರಿದಿದೆ, ಬದಲಿಸಿಕೊಡಿ.
ಒಬ್ದೂಲಿಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.
ಉತ್ತರ ಬರೆಯುವ ಸರದಿ ನನ್ನದು. ಬರೆದೆ:

ಸ್ವಾಮಿ, ಆ ಹಾಳೆ
ತುರ್ತಾಗಿ ಒಂದು ಮನೆಗೆ ಹೋಗಿದೆ.
ಇನ್ನೂ ವಾಪಸು ಬಂದಿಲ್ಲ.