ಅದೇ ಮಾಡೆಲ್

"ಇನ್ನೊಮ್ಮೆ ಇದನ್ನೇ ತಗೊಳ್ತೀರಾ?"
ಕೇಳುತ್ತಾನೆ ಕಿನ್ನಿಮೂಲ್ಕಿ ಗ್ಯಾರೇಜಿನ ಫೌಝಾನ್
ಕಾರಿನಡಿಯಿಂದಲೇ, ಕಾಲೆರಡು ಮಾತ್ರ ಹೊರಗೆ.

ಎಂತ ಹೇಳುವುದು ಮಾರಾಯ,
ಮಲ್ಪೆಯ ಉಪ್ಪುಗಾಳಿ ತಳವನ್ನೆಲ್ಲ ತಿಂದಿದೆ;
ಮ್ಯಾಟ್ ಎತ್ತಿದರೆ ಕಾಲಡಿ ಓಡುತ್ತದೆ ಹೆದ್ದಾರಿ.
ಎ.ಸಿ. ಹಾಕಿದರೆ ಹತ್ತು ವರ್ಷ ಹಿಂದಿನ
ಬಂಗುಡೆ ವಾಸನೆ.
ಆಗುಂಬೆ ಘಾಟಿಯಲ್ಲಿ ಎರಡನೇ ಗೇರು
ಬೀಳುವುದು ಅದಕ್ಕೆ ಮನಸ್ಸಿದ್ದರೆ.
ನಿನಗೆ ಕೊಟ್ಟ ದುಡ್ಡಿಗೆ
ಒಂದು ಸಣ್ಣ ದೋಣಿಯೇ ಬರುತ್ತಿತ್ತು.

ಮೈಲೇಜು? ಕೇಳಬೇಡ.

ನಿನ್ನೆ ಶೋರೂಮಿನಲ್ಲಿ
ಹೊಸತರ ಬಾಗಿಲು ಮುಟ್ಟಿದೆ,
ಮೆಲ್ಲಗೆ, ತಾನೇ ಹಾಕಿಕೊಂಡಿತು.
ನಮ್ಮದನ್ನು ಎತ್ತಿ, ಒತ್ತಿ, ಬಡಿಯಬೇಕು;
ಆ ಸದ್ದಿಗೇ ಓಣಿಯ ಬೆಕ್ಕುಗಳೆಲ್ಲ
ಪಾಗಾರ ಹಾರಿ ಬರುವುದು.

"ತಗೊಳ್ತೀರಾ?" ಮತ್ತೆ ಕೇಳುತ್ತಾನೆ ಫೌಝಾನ್.
ಮೊದಲು ಬಿಲ್ಲು ಹೇಳು, ಅಂದೆ.