ಮೇಲಿನ ಮನೆಯ ಮಂದ್ರ

ಮೂರು ಶನಿವಾರ ಸಹಿಸಿದೆ.
ಮೇಲಿನ ಮನೆಯ ಜೆನೊನ್ ಹಾಕುವ ಹಾಡುಗಳ
ಪಾದ ಮಾತ್ರ ಇಳಿದು ಬರುತ್ತಿತ್ತು ನನ್ನಲ್ಲಿಗೆ,
ಮುಖ ಅಲ್ಲೇ, ಅವನ ಸೋಫಾದ ಮುಂದೆ.
ದುಂ. ದುಂ. ಆಮೇಲೊಂದು ಉದ್ದನೆಯ ಗುಂಯ್.
ಗಾಜಿನ ಬೀರುವಿನಲ್ಲಿ ಅಮ್ಮನ ಆರು ಬಟ್ಟಲು
ಹಲ್ಲು ಕಟಕಟಿಸುತ್ತಿದ್ದವು, ಚಳಿಜ್ವರದವರ ಹಾಗೆ.

ನಾಲ್ಕನೆಯ ಶನಿವಾರ ಪೊರಕೆ ಹಿಡಿದೇ ಮೆಟ್ಟಿಲು ಹತ್ತಿದೆ
(ಸೂರಿಗೆ ಬಡಿಯಲು ಎತ್ತಿದ್ದು, ಇಳಿಸಲು ಮರೆತಿದ್ದೆ).
ಬಾಗಿಲು ತೆರೆದೇ ಇತ್ತು.
ಸೋಫಾದಲ್ಲಿ, ಅವನು ಕೂರುವ ಜಾಗದಲ್ಲಿ,
ದಿಂಬಿಗೊರಗಿ ಕುಳಿತಿತ್ತು ಕರೀ ಪೆಟ್ಟಿಗೆ,
ಬೀಗರ ಕಡೆಯ ಹಿರಿಯನಂತೆ.
ಜೆನೊನ್ ನೆಲದ ಮೇಲೆ, ಅಂಬೆಗಾಲಿನಲ್ಲಿ.
ಅರವತ್ತೆರಡರ ಗಂಡಸು,
ಅರ್ಧ ಬೀದಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನು.

"ಏನು ಕಳೆದುಹೋಯಿತು?" ಅಂದೆ.
"ಜಾಗ," ಅಂದ. "ಸಬ್‌ವೂಫರನ್ನು ನನ್ನ ಕಡೆ ಕೂರಿಸಿ
ನಾನು ನೆಲದಲ್ಲಿ ಹರಿಯಬೇಕು. ಎಲ್ಲಿ ದನಿ ತುಂಬಿ ಕೇಳುತ್ತದೋ
ಅಲ್ಲಿ ಇದನ್ನಿಟ್ಟರೆ, ಕೂತಲ್ಲಿಗೂ ಹಾಗೇ ಕೇಳುತ್ತದೆ."
ಹುಚ್ಚು ಅನ್ನಿಸಿತು. ನ್ಯಾಯ ಅಂತಲೂ ಅನ್ನಿಸಿತು.

ಪೊರಕೆ ಗೋಡೆಗೊರಗಿಸಿದೆ.
ಮಂಡಿ ಒಪ್ಪಲಿಲ್ಲ, ಚಪ್ಪಲಿ ಬಿಟ್ಟು ನಿಂತೆ.
ಇಪ್ಪತ್ತಾರು ವರ್ಷ ವುಚ್ ನಗರದ ಗಿರಣಿಯಲ್ಲಿ
ಮಗ್ಗಗಳ ನಡುವೆ ನಿಂತವಳು ನಾನು. ಸಣ್ಣ ದನಿಗಳನ್ನೆಲ್ಲ
ಆ ಮಗ್ಗಗಳೇ ಇಟ್ಟುಕೊಂಡವು: ಗುಬ್ಬಿ, ಕೆಟಲಿನ ಸೀಟಿ,
ಮೊಮ್ಮಗಳು ಫೋನಿನಲ್ಲಿ ಗುಟ್ಟಾಗಿ ಹೇಳುವುದು.
ನನಗೆ ಬಿಟ್ಟದ್ದು ತಳದ್ದು ಮಾತ್ರ. ಅದನ್ನು
ಅಂಗಾಲು ಓದುತ್ತದೆ, ಕನ್ನಡಕವಿಲ್ಲದೆ.
ಯಾವ ಮಗ್ಗದ ಬೋಲ್ಟು ಸಡಿಲವೆಂದು
ಮೇಸ್ತ್ರಿಗಿಂತ ಮೊದಲು ಅದಕ್ಕೇ ಗೊತ್ತಾಗುತ್ತಿತ್ತು.

"ಮೂಲೆ ಬೇಡ, ಅಲ್ಲಿ ಬರೀ ಬೊಬ್ಬೆ.
ಕಿಟಕಿಯ ಕೆಳಗೆ ಟೊಳ್ಳು.
ಇಲ್ಲಿ. ರೇಡಿಯೇಟರಿನಿಂದ ಎರಡು ಗೇಣು ಈಚೆ."
ಅವನು ಸೀಮೆಸುಣ್ಣದಲ್ಲಿ ಗೀಟು ಹಾಕಿದ.

ಪೆಟ್ಟಿಗೆ ಇಳಿಯಿತು. ಆಂಪ್ಲಿಫೈಯರಿನ ಬೆನ್ನಿಂದ
ಒಂದು ವೈರು ಜಮಖಾನೆಯಡಿ ನುಸುಳಿ ಬಂತು.
ನಾಬು ಎಂಬತ್ತಕ್ಕೆ: ಅದರಿಂದ ಕೆಳಗಿನದು ಪೆಟ್ಟಿಗೆಯ ಪಾಲು,
ಮೇಲಿನದು ಗೂಡಿನ ಎರಡು ಸ್ಪೀಕರುಗಳದ್ದು.
ಪಾಲಾದ ಹೊಲದಂತೆ, ಜಗಳ ಬದುವಿನಲ್ಲೇ.
ಒಂದು ತಳ್ಳುವಾಗ ಇನ್ನೊಂದು ಎಳೆದು
ನಡುವಿನ ದನಿಯೇ ಮಾಯ.
ಪೆಟ್ಟಿಗೆಯ ಹಿಂದೆ ಪುಟ್ಟ ಸ್ವಿಚ್ಚು. ಸೊನ್ನೆ, ನೂರೆಂಬತ್ತು.
"ಹೀಗೆ?" "ಇಲ್ಲ." "ಹೀಗೆ?" "ಹ್ಞಾಂ, ರಾಜಿಯಾದವು.
ಇನ್ನು ತಗ್ಗಿಸು. ಇನ್ನೂ.
ಸಾರು ಬಾಯಿಗಿಟ್ಟ ಕೂಡಲೆ ಉಪ್ಪು ನೆನಪಾದರೆ
ಸಾರು ಕೆಟ್ಟಿತೆಂದೇ ಲೆಕ್ಕ."

ಆಗ ಬಂದಳು ಅವಳು, ಅಕಾರ್ಡಿಯನ್ನಿನ ಪಕ್ಕಕ್ಕೆ.
ತಿಂಗಳಿನಿಂದ ನನ್ನ ನೆತ್ತಿಯ ಮೇಲೆ ಓಡಾಡುತ್ತಿದ್ದವಳು.
ಇಷ್ಟು ತೆಳ್ಳಗಿನ ದನಿಯವಳೇ!
ನಾನು ಇಷ್ಟು ದಿನ ಬೈದದ್ದು ಯಾರನ್ನೋ.

ಮರುದಿನ ಜೆನೊನ್ ಹಲ್ಲಿನ ಅಚ್ಚು ತೆಗೆಯುವ
ಗುಲಾಬಿ ರಬ್ಬರಿನಲ್ಲಿ ನಾಲ್ಕು ಕಾಲು ಎರೆದು
ಪೆಟ್ಟಿಗೆಯ ಕೆಳಗಿಟ್ಟ. ಅದರಡಿ ಒಂದು ಕಲ್ಲುಚಪ್ಪಡಿ.
"ಇನ್ನು ನಿಮಗೆ ತೊಂದರೆಯಿಲ್ಲ," ಅಂದ,
ನನ್ನ ಬಾಗಿಲವರೆಗೂ ಬಂದು.

ಐದನೆಯ ಶನಿವಾರ. ಸಂಜೆ ಏಳಾಯಿತು.
ಬಟ್ಟಲುಗಳು ಗಪ್‌ಚಿಪ್.
ಬೀರುವಿನ ಗಾಜಿಗೆ ಅಂಗೈ ಒತ್ತಿ ನೋಡಿದೆ:
ಟ್ರಾಮೊಂದು ಹೋಯಿತು, ಅಷ್ಟೇ.
ಏಳೂಕಾಲು.

ಪೊರಕೆ ಮೇಲೆಯೇ ಬಿಟ್ಟು ಬಂದಿದ್ದೆನಲ್ಲ,
ತರಬೇಕು.