ಹೊಗೆಗೂಡು

ಜಪ್ಪುವಿನ ಗುಡ್ಡೆಯ ಮನೆಗೆ ಬೆಲೆ ಕಟ್ಟಲು ಹೋಗಿದ್ದೆ.
ಏಣಿ, ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲು:
ಹಳೆ ಮರದ ವ್ಯಾಪಾರಿಗೆ ಇಷ್ಟೇ ಆಯುಧ.
‘ಪುತ್ತುಬಾವ, ಮಳೆಗೆ ಮೊದಲು ಸೈಟು ಖಾಲಿಯಾಗಬೇಕು’
ಅಂದರು ಹಲ್ಲಿನ ಡಾಕ್ಟರು. ಕೀ ಕೊಟ್ಟು ಹೋದರು.

ಮುಟ್ಟಾಳೆಯನ್ನು ಹುಬ್ಬಿಗಿಳಿಸಿ ಕೂತವನ ಹಾಗಿತ್ತು ಮನೆ.
ಮಾಡು ಒಂದು ಬದಿಗೆ ಜಾರಿ ಜಾರಿ
ನನ್ನ ಎದೆಮಟ್ಟಕ್ಕೆ ಬಂದು ನಿಂತಿತ್ತು.
ಗಿಡ್ಡ ಕಿಟಕಿಗಳ ಸಾಲು, ಅಂಗೈಯಗಲದ ಗಾಜುಗಳು,
ಒಂದೊಂದರಲ್ಲೂ ನೇತ್ರಾವತಿಯ ಒಂದೊಂದು ಚೂರು.
ಕೊನೆಗೆ, ಎಲ್ಲಕ್ಕಿಂತ ಎತ್ತರಕ್ಕೆ,
ಕೆಂಪುಕಲ್ಲಿನ ಹೊಗೆಗೂಡು.

ಚಳಿ ಕಾಯಿಸಲಿಕ್ಕಂತೆ! ಮಂಗಳೂರಲ್ಲಿ!
ಡಿಸೆಂಬರಿನಲ್ಲೂ ಬನಿಯನ್ನು ಬೆನ್ನಿಗಂಟುವ ಊರಲ್ಲಿ.

ಕತೆ ಗೊತ್ತಿದ್ದದ್ದು ಸೆವ್ರಿನ್ ಬಾಯಿಗೆ.
ಆ ಹಾಲಿನಲ್ಲೇ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು,
ಅವರ ಅಜ್ಜಿ ಇಲ್ಲೇ ಆಯಾ ಆಗಿದ್ದವರು.
ವಿಟ್ಕಂಬ್ ದೊರೆ, ಹಂಚಿನ ಕಾರ್ಖಾನೆಯ ಮ್ಯಾನೇಜರು,
ಬಂಗಲೆ ಬೇಡ, ಕಂಬ ಬೇಡ, ಕಮಾನು ಬೇಡ ಅಂದನಂತೆ.
ತನ್ನೂರಿನ ರೈತರು ಕಟ್ಟಿಕೊಳ್ಳುತ್ತಿದ್ದಂಥದೇ ಬೇಕು,
ಆಡುಮಾತಿನ ಹಾಗಿರಬೇಕು ಮನೆ.
ನಕ್ಷೆ ಹಡಗಿನಲ್ಲಿ ಬಂತು.
ಓದಿದವರು ತುಳುವರು.

ಇಷ್ಟು ಕಡಿದಾದ ಮಾಡು ಯಾಕೆ, ಕೇಳಿದ ಐತಪ್ಪ ಮೇಸ್ತ್ರಿ.
ಹಿಮ ಜಾರಲಿಕ್ಕೆ.
ಹಿಮ ಅಂದರೆ?
ದೊರೆ ಅಂಗಳದ ಬೂರುಗದ ಹತ್ತಿಯನ್ನು ಊದಿ ತೋರಿಸಿದ.
ಹತ್ತಿಗೆ ಹೆದರಿ ಮಾಡು ಕಟ್ಟುವ ಜನ,
ಅಂದುಕೊಂಡ ಮೇಸ್ತ್ರಿ. ಬಾಯಿಬಿಟ್ಟು ಹೇಳಲಿಲ್ಲ.
ನೈಋತ್ಯದ ಸೂರನ್ನು ಮಾತ್ರ, ಯಾರನ್ನೂ ಕೇಳದೆ,
ನಕ್ಷೆಗಿಂತ ಎರಡು ಮೊಳ ಮುಂದಕ್ಕೆ ತಂದ.
ದೊರೆ ಕಿರುಚಾಡಿದ. ಜೂನ್ ಬಂತು.
ಆಟಿ ಕಳೆಯುವವರೆಗೂ ದೊರೆ ಆ ಮಾತೆತ್ತಲಿಲ್ಲ.

ಮೊಳೆ ಹೊಡೆಯಬೇಡಿ, ಮರದ ಬೆಣೆಯೇ ಸಾಕು,
ಎಂದು ನಕ್ಷೆಯಲ್ಲಿ ಬರೆದಿತ್ತಂತೆ.
ಗುರುವ ಆಚಾರಿ ನಕ್ಕನಂತೆ: ಇದನ್ನು ಹೇಳಿಸಿಕೊಳ್ಳಬೇಕೇ?
ಎರಡು ಊರುಗಳಿಗೂ ಗೊತ್ತಿದ್ದ ಒಂದೇ ಶಬ್ದ ಅದು.
ನೂರಹತ್ತು ವರ್ಷದ ಮೇಲೆ ನಾನು ಬೆಣೆ ಬಡಿದು ಬಿಡಿಸಿದೆ.
ಪಕ್ಕಾಸುಗಳು ಒಂದೊಂದಾಗಿ ಕೈಗೆ ಬಂದವು,
ಒಂದಕ್ಕೂ ಗೆದ್ದಲಿಲ್ಲ.

ಹಂಚು ಇಳಿಸಿ ಮೂರನೆಯ ದಿನ ಹೊಗೆಗೂಡಿಗೆ ಕೈಯಿಟ್ಟೆ.
ಮೇಲಿನಿಂದ ಬಗ್ಗಿ ನೋಡಿದರೆ ತೂತೇ ಇಲ್ಲ!
ತಲೆಯಿಂದ ಬುಡದವರೆಗೆ ಗಟ್ಟಿ ಕಲ್ಲು,
ನೆತ್ತಿಗೆ ಒಂದು ಚಪ್ಪಡಿ, ನೀರು ಜಾರುವಂತೆ ಓರೆಯಾಗಿ.
ಮಾಡಿಗೆ ತೂತು ಕೊರೆದು ಮಳೆಯನ್ನು ಮನೆಯೊಳಗೆ ಕರೆಯುವುದು
ಐತಪ್ಪನ ಕೈಯಿಂದ ಆಗದ ಕೆಲಸ.
ಹೊರಗಿನಿಂದ ನಕ್ಷೆ ಹೇಳಿದ್ದೇ ಕಟ್ಟಿದ,
ಒಳಗಿನಿಂದ ತನಗೆ ಗೊತ್ತಿದ್ದದ್ದು.

‘ಹಾಗಾದರೆ ದೊರೆ ಬೆಂಕಿ ಹಾಕಲೇ ಇಲ್ಲವೇ?’
‘ಹಾಕಿದ, ಒಂದು ಕ್ರಿಸ್ಮಸ್ಸಿಗೆ,’ ಅಂದರು ಸೆವ್ರಿನ್ ಬಾಯಿ.
‘ಬಾಗಿಲು ಕಿಟಕಿ ಎಲ್ಲ ತೆರೆದು, ಬೆವರುತ್ತಾ,
ಕೆಮ್ಮುತ್ತಾ ಕೂತಿದ್ದನಂತೆ ಅದರೆದುರು.
ಮೇಸ್ತ್ರಿಯನ್ನು ಕರೆಸಲಿಲ್ಲ.
ಮರುದಿನ ಆ ಗೂಡಿನಲ್ಲಿ ಹೂಕುಂಡ ಇಡಿಸಿದ.
ನನ್ನ ಕಾಲಕ್ಕೆ ಅಲ್ಲಿ ಹಳೆ ರಿಬ್ಬನ್ನುಗಳ ಡಬ್ಬಿ.’

ಬಾಗಿಲುಗಳು ಮಲ್ಪೆಯ ರೆಸಾರ್ಟಿಗೆ ಹೋದವು,
ಪಕ್ಕಾಸು ಬಜ್ಪೆಯ ಒಬ್ಬರ ಹೊಸ ಮನೆಗೆ,
ಹಂಚು ಕೋಳಿಫಾರ್ಮಿಗೆ. ಕಿಟಕಿ ಇನ್ನೂ ಗೋದಾಮಿನಲ್ಲಿವೆ,
ಅಷ್ಟು ಗಿಡ್ಡ ಕಿಟಕಿ ಯಾರಿಗೂ ಬೇಡ.

ಹೊಗೆಗೂಡಿನ ಕಲ್ಲುಗಳನ್ನು ನಾನೇ ಜೋಕಟ್ಟೆಗೆ ತಂದೆ.
ಹೊಗೆಯ ವಾಸನೆಯೇ ಇರಲಿಲ್ಲ ಅವಕ್ಕೆ,
ಗಣಿಯಿಂದ ನಿನ್ನೆ ಎಬ್ಬಿಸಿದ ಹಾಗೆ.
ಬಚ್ಚಲ ಒಲೆಗೆ ಕಟ್ಟಿಸಿದೆ, ಮಡಲು ತುರುಕಿ ಕಡ್ಡಿ ಗೀರಿದೆ.

ಮೊನ್ನೆಯಿಂದ ನೆಬಿಸ ಕಣ್ಣೊರೆಸುತ್ತಾ ಬೈಯುತ್ತಿದ್ದಾಳೆ:
ಎಂಥ ಕಲ್ಲು ತಂದಿರೋ ಮಾರಾಯ್ರೇ,
ಹೊಗೆ ಹೊರಗೆ ಹೋಗುವುದೇ ಇಲ್ಲ.